ಗುಣವಾಯಿತೆಂದು ಹೇಳಬಾರದ ಔಷಧ

ನಮ್ಮ ಓಣಿಯ ಡ್ರೈವರ್ ಸಾಹೇಬರು ತೀರಿಕೊಂಡು ಇನ್ನೂ ತಿಂಗಳಾಗಿಲ್ಲ. ಓಣಿಯಲ್ಲಿ ಇಬ್ಬರು ಸೇರಿದರೆ ಅವರದೇ ಮಾತು. ಆ ಮಾತು ಎಲ್ಲಿಂದ ಶುರುವಾದರೂ ನಗುವಿನಲ್ಲಿ ಮುಗಿಯುತ್ತದೆ. ಆದ್ದರಿಂದ ನಾನೂ ಅಳುವ ಬರಹ ಬರೆಯಲಾರೆ. ಬೈಲಹೊಂಗಲದ ಹೈಸ್ಕೂಲಿನಲ್ಲಿ ಜೀವಮಾನವೆಲ್ಲ ಡ್ರಿಲ್ ಮಾಸ್ತರನಾಗಿದ್ದವನು ನಾನು. ಮೊದಲನೆಯದು ಮೊದಲು, ಎರಡನೆಯದು ಆಮೇಲೆ ಎಂಬುದು ನನ್ನ ರೂಢಿ. ಈ ಮನುಷ್ಯರ ವಿಷಯದಲ್ಲಿ ಮಾತ್ರ ಆ ರೂಢಿ ನಡೆಯುವುದಿಲ್ಲ. ನೆನಪು ಬಂದ ಹಾಗೆ ಹೇಳುತ್ತೇನೆ.

ಅವರು ಸರಕಾರಿ ಬಸ್ಸಿನ ಡ್ರೈವರ್ ಆಗಿದ್ದರು. ಬೈಲಹೊಂಗಲದಿಂದ ದೊಡವಾಡದ ಮೇಲಿಂದ ಧಾರವಾಡಕ್ಕೆ ಹೋಗುವ ಗಾಡಿ ಅವರದು. ನಿವೃತ್ತರಾದ ಮೇಲೂ ಕೈಕಾಲಿಗೆ ಆ ಸುದ್ದಿ ಮುಟ್ಟಿರಲಿಲ್ಲ. ಮಾತು ರಂಗೇರಿತೆಂದರೆ ಎಡಗೈ ತಾನಾಗಿಯೇ ಗಾಳಿಯಲ್ಲಿ ಗೇರ್ ಬದಲಿಸುತ್ತಿತ್ತು. ಎದುರಿಗಿದ್ದವನ ಮಾತು ಉದ್ದವಾದರೆ ಬಲಗಾಲು ನೆಲವನ್ನು ಮೆಲ್ಲಗೆ ಒತ್ತುತ್ತಿತ್ತು. ಸಾಹೇಬರು ಬ್ರೇಕ್ ಹಾಕುತ್ತಿದ್ದಾರೆ ಎಂದು ನಾವು ತಿಳಿದು ಎದ್ದುಬಿಡುತ್ತಿದ್ದೆವು. ಊರಿನವರನ್ನು ಅವರು ಹೆಸರಿನಿಂದಲ್ಲ, ಹತ್ತುವ ಸ್ಟಾಪಿನಿಂದ ಗುರುತಿಡುತ್ತಿದ್ದರು. ‘ಬೇವಿನಗಿಡದವರು’, ‘ಹಿಟ್ಟಿನ ಗಿರಣಿಯವರು’, ‘ಓಡಿಬಂದು ಹತ್ತುವವರು’ ಎಂದರೆ ಅವರಿಗೆ ಮನುಷ್ಯ ಕಣ್ಣೆದುರು ನಿಲ್ಲುತ್ತಿದ್ದ.

ಆದರೆ ಸುತ್ತಿನ ನಾಲ್ಕು ತಾಲೂಕಿಗೆ ಅವರು ಗೊತ್ತಿದ್ದದ್ದು ಬಸ್ಸಿನಿಂದಲ್ಲ, ಮೂಗಿನ ಔಷಧದಿಂದ. ಮೂಗು ಕಟ್ಟಿ ಹುಬ್ಬಿನ ಮೇಲೆ ಕಲ್ಲು ಹೇರಿದಂತಾದವರು, ಬಗ್ಗಿದರೆ ಹಣೆ ಸಿಡಿಯುವವರು, ಬಾಯಿ ತೆರೆದೇ ಮಲಗುವವರು, ಎಲ್ಲರೂ ಭಾನುವಾರ ಬೆಳಗ್ಗೆ ಬರಿಹೊಟ್ಟೆಯಲ್ಲಿ ಅವರ ಮನೆಯ ಮುಂದಿನ ಕಟ್ಟೆಗೆ ಬಂದು ಕೂಡುತ್ತಿದ್ದರು. ಕಿತ್ತೂರಿನಿಂದ, ರಾಮದುರ್ಗದಿಂದ, ಸಿರಸಂಗಿಯಿಂದ ಬರುತ್ತಿದ್ದರು. ಒಣಗಿದ ಒಂದು ಕಹಿಕಾಯಿಯನ್ನು ಹಿಂದಿನ ದಿನವೇ ಮಣ್ಣಿನ ಬಟ್ಟಲಲ್ಲಿ ನೆನೆಹಾಕಿ, ಅರಿವೆಯಲ್ಲಿ ಸೋಸಿ, ಆ ನೀರಿನ ಹನಿಯನ್ನು ಹತ್ತಿಯಿಂದ ಮೂಗಿಗೆ ಬಿಡುವುದು. ಆ ಕಾಯಿ ಯಾವ ಬಳ್ಳಿಯದು ಎಂದು ಅವರು ಯಾರಿಗೂ ಹೇಳಿದವರಲ್ಲ. ಹನಿ ಬಿದ್ದದ್ದೇ ತಡ, ನೆತ್ತಿಯವರೆಗೆ ಬೆಂಕಿ. ಆಮೇಲೆ ಕಣ್ಣು ಮೂಗು ಎರಡರಿಂದಲೂ ಧಾರಾಕಾರ ನೀರು. ಮತ್ತೆ ಸ್ವಲ್ಪ ಹೊತ್ತಿಗೆ ತಲೆ ಹತ್ತಿಯ ಹಾಗೆ ಹಗುರ. ನಾನು ಪ್ರತಿ ಚಳಿಗಾಲ ಆ ಹನಿಗೆ ಮುಖವೊಡ್ಡಿದವನೇ. ಸೀಟಿ ಊದಿದರೆ ಉಸಿರು ಕಿವಿಯಿಂದ ಹೋಗುವಂತಾಗುತ್ತಿತ್ತು ನನಗೆ. ಹನಿ ಬಿಟ್ಟ ದಿನ ಮೈದಾನದ ಆಚೆ ತುದಿಗೂ ನನ್ನ ಸೀಟಿ ಕೇಳುತ್ತಿತ್ತು.

ಒಳಗೆ ಅವರ ಹೆಂಡತಿ ಬೇರೆಯದೇ ದವಾಖಾನೆ ನಡೆಸುತ್ತಿದ್ದರು. ನಾವೆಲ್ಲ ಅವರನ್ನು ಭಾಬಿ ಎನ್ನುತ್ತಿದ್ದೆವು. ಕುದಿಯುವ ನೀರಿಗೆ ಅಜವಾನ ಹಾಕಿ, ತಲೆಯ ಮೇಲೆ ಚಾದರ ಹೊದಿಸಿ ಹಬೆ ಕೊಡುವುದು, ಶುಂಠಿ ಮೆಣಸು ಬೆಲ್ಲದ ಕಷಾಯ ಕುಡಿಸುವುದು. ಇದಕ್ಕೆ ಯಾವ ಗುಟ್ಟೂ ಇರಲಿಲ್ಲ, ಆದ್ದರಿಂದ ಯಾವ ಗೌರವವೂ ಇರಲಿಲ್ಲ. ಕಷಾಯ ಕುಡಿದವರು ಲೋಟ ಕೆಳಗಿಟ್ಟು ಸಾಹೇಬರಿಗೆ ಕೈಮುಗಿದು ಹೋಗುತ್ತಿದ್ದರು. ಕೈಮುಗಿಸಿಕೊಳ್ಳುವುದು ಅವರ ಪಾಲಿಗೆ, ಲೋಟ ತೊಳೆಯುವುದು ತನ್ನ ಪಾಲಿಗೆ ಬಂತು ಎಂದು ಭಾಬಿ ಚೇಷ್ಟೆ ಮಾಡುತ್ತಿದ್ದರು.

ಹನಿಯ ಔಷಧ ಅವರ ತಂದೆಯಿಂದ ಬಂದದ್ದು. ತಂದೆಗೆ ಒಬ್ಬ ಫಕೀರರಿಂದ ಬಂದದ್ದಂತೆ. ಅದರ ಜೊತೆಗೆ ನೇಮಗಳೂ ಬಂದಿದ್ದವು. ದುಡ್ಡು ಮುಟ್ಟಬಾರದು. ಸೂರ್ಯನಿಗೆ ಮುಖ ಮಾಡಿ ಕೂಡಬೇಕು. ಹನಿ ಬಿಡಿಸಿಕೊಂಡ ಮೇಲೆ ಹಿಂತಿರುಗಿ ನೋಡದೆ ಹೋಗಬೇಕು. ಎಲ್ಲಕ್ಕಿಂತ ಬಿಗಿಯಾದ ನೇಮವೆಂದರೆ, ಔಷಧ ಕೊಟ್ಟವರ ಮುಂದೆ ಗುಣವಾಯಿತೆಂದಾಗಲಿ ಆಗಲಿಲ್ಲವೆಂದಾಗಲಿ ಬಾಯಿ ಬಿಡಬಾರದು. ಬಿಟ್ಟರೆ ಹೋದ ಬೇನೆ ಹೊರಳಿ ಬರುತ್ತದೆ, ಕೊಟ್ಟವರ ಕೈಗುಣವೂ ಕೆಡುತ್ತದೆ. ನಾನು ಓಣಿಯಲ್ಲಿ ಅವರ ಎದುರು ಮನೆಯವನು. ದಿನಾ ಬೆಳಗ್ಗೆ ಒಟ್ಟಿಗೆ ತಿರುಗಾಡಲು ಹೋಗುತ್ತಿದ್ದೆವು. ಮಳೆ, ಬೆಳೆ, ಮೊಮ್ಮಕ್ಕಳು, ಎಲ್ಲ ಮಾತಾಡುತ್ತಿದ್ದೆವು. ನನ್ನ ಮೂಗಿನ ಮಾತು ಮಾತ್ರ ಒಂದು ದಿನವೂ ಬರಲಿಲ್ಲ.

ಹೀಗೆ ನಡೆದಿದ್ದ ಕಟ್ಟೆಗೆ ಒಂದು ಭಾನುವಾರ ಒಬ್ಬ ಹೆಣ್ಣುಮಗಳು ಬಂದು ಎಲ್ಲರ ಹಿಂದೆ ಕುಳಿತಳು. ತನ್ನ ಪಾಳಿ ಬರುವವರೆಗೆ ಸುಮ್ಮನೆ ನೋಡಿದಳು. ಪಾಳಿ ಬಂದಾಗ ಮುಖ ಮೇಲೆತ್ತಲಿಲ್ಲ. ತಾನು ಕಿವಿ ಮೂಗು ಗಂಟಲಿನ ಡಾಕ್ಟರು, ವಾರಕ್ಕೊಮ್ಮೆ ಬೈಲಹೊಂಗಲಕ್ಕೆ ಬರುತ್ತೇನೆ, ಮೂಗಿನೊಳಗೆ ಸುಟ್ಟಂತಾದ ಒಬ್ಬಿಬ್ಬರನ್ನು ಕಂಡೆ, ವಿಚಾರಿಸಿದರೆ ನಿಮ್ಮ ಕಟ್ಟೆಯ ಹೆಸರು ಬಂತು ಎಂದಳು. ಕಟ್ಟೆಯ ಮೇಲಿದ್ದವರು ಗುರುಗುಟ್ಟಿದರು. ಸಾಹೇಬರು ಅವರನ್ನು ಸುಮ್ಮನಿರಿಸಿ, ಬಂದವಳಿಗೆ ಕುರ್ಚಿ ತರಿಸಿದರು. ಆಕೆ ಜಗಳಕ್ಕೆ ಬಂದಿರಲಿಲ್ಲ. ಒಂದೇ ಪ್ರಶ್ನೆ ಕೇಳಿದಳು, ಇಷ್ಟು ಮಂದಿಯಲ್ಲಿ ಎಷ್ಟು ಮಂದಿಗೆ ಗುಣವಾಗಿದೆ ಎಂದು. ಸಾಹೇಬರು ನಕ್ಕು ನೇಮ ಹೇಳಿದರು. ಆಕೆ ನಗಲಿಲ್ಲ.

“ಹಂಗಾದ್ರ ಯಾರಿಗರ ಕೆಡಕಾಗಿದ್ರೂ ನಿಮಗ ಗೊತ್ತಾಗೂದಿಲ್ಲಲ್ರಿ ಕಾಕಾ.”

ಸಾಹೇಬರ ಎಡಗೈ ಗೇರಿನ ಮೇಲೆ ಹೋಗಿ ಅಲ್ಲೇ ನಿಂತುಬಿಟ್ಟಿತು. ಮರುದಿನ ಬೆಳಗ್ಗೆ ತಿರುಗಾಡುವಾಗ ಅವರು ನನ್ನನ್ನು ದಾರಿಯ ನಡುವೆಯೇ ನಿಲ್ಲಿಸಿದರು. ಈ ವಯಸ್ಸಿನಲ್ಲಿ ಕಣ್ಣು ಹಾಗೆ ಹೊಳೆಯುವುದನ್ನು ನಾನು ಇನ್ನೊಬ್ಬರಲ್ಲಿ ಕಂಡಿಲ್ಲ. ಕೇಳಬೇಕು, ಎಲ್ಲರನ್ನೂ ಹುಡುಕಿಕೊಂಡು ಹೋಗಿ ಕೇಳಬೇಕು ಎಂದರು. ನೇಮ ಏನಾಗಬೇಕು ಎಂದೆ. ಅದಕ್ಕೂ ಅವರು ದಾರಿ ಯೋಚಿಸಿಟ್ಟಿದ್ದರು. ನೇಮ ಇರುವುದು ಔಷಧ ಹಾಕಿಸಿಕೊಂಡವನ ಬಾಯಿಗೆ, ಅವನ ಹೆಂಡತಿಯ ಬಾಯಿಗಲ್ಲ!

ಆ ಚಳಿಗಾಲ ನಾವಿಬ್ಬರೂ ತಿರುಗಿದ ತಿರುಗಾಟದಲ್ಲಿ ಬಂದಷ್ಟು ಹುರುಪು ನನಗೆ ಶಾಲೆಯ ಕ್ರೀಡಾಕೂಟಗಳಲ್ಲೂ ಬಂದಿರಲಿಲ್ಲ. ಬೆಳಗಿನ ಬಸ್ಸು ಹಿಡಿಯುವುದು, ಒಂದೊಂದು ಸ್ಟಾಪಿಗೆ ಇಳಿಯುವುದು, ಮೂಗು ಹುಡುಕುವುದು. ಹೊರಡುವ ಹೊತ್ತು ಗೊತ್ತುಮಾಡುವುದು ನನ್ನ ಕೆಲಸ. ಹಳೆಯ ಡ್ರೈವರನ್ನು ಕಂಡರೆ ಚಹಾ ಕುಡಿಸದೆ ಬಿಡದವರಿಂದ ಅವರನ್ನು ಬಿಡಿಸಿಕೊಂಡು ಬರುವುದೂ ನನ್ನ ಕೆಲಸವೇ.

ದೊಡವಾಡದಲ್ಲಿ ಒಂದು ಮನೆಗೆ ಹೋದೆವು. ಗಂಡಸು ನಮ್ಮನ್ನು ಕಂಡದ್ದೇ ತಡ ಕೈಯಿಂದ ಬಾಯಿ ಮುಚ್ಚಿ ಕುಳಿತ. ಸಾಹೇಬರು ಅವನ ಕಡೆ ನೋಡಲೇ ಇಲ್ಲ. ಒಳಗಿನ ಬಾಗಿಲಲ್ಲಿ ನಿಂತ ಹೆಂಡತಿಯನ್ನು ಕೇಳಿದರು, ಯಜಮಾನರ ಮೂಗು ಹೇಗಿದೆ ಎಂದು.

“ಬಿಟ್ಟೈತೋ ಕಟ್ಟೈತೋ ನನಗೇನ ಗೊತ್ರಿ. ಗೊರಕಿ ಮಾತ್ರ ನೀವು ಬಸ್ ಬಿಡ್ತಿದ್ದ ಧಾರವಾಡ ಸ್ಟ್ಯಾಂಡಿಗೂ ಕೇಳ್ತೈತಿ.”

ಗಂಡ ಬಾಯಿ ಮುಚ್ಚಿಕೊಂಡೇ ತಲೆ ಅಲ್ಲಾಡಿಸಿದ, ಕಣ್ಣು ಕೆಂಪಗೆ ಮಾಡಿದ. ಒಂದು ಶಬ್ದ ಹೊರಡಿಸಲಿಲ್ಲ. ನಲವತ್ತು ವರ್ಷದ ಸಂಸಾರದಲ್ಲಿ ಅವನು ಇಷ್ಟು ಹೊತ್ತು ಸುಮ್ಮನಿದ್ದದ್ದು ಇದೇ ಮೊದಲು, ನಿಮ್ಮ ಔಷಧ ಅಷ್ಟು ಕೆಲಸವಂತೂ ಮಾಡಿತು ಎಂದು ಆಕೆ ಕಳಿಸಿಕೊಟ್ಟಳು. ಬಸ್‌ಸ್ಟಾಪಿನವರೆಗೂ ಸಾಹೇಬರು ನಗುತ್ತಲೇ ಬಂದರು.

ಉತ್ತರಗಳು ಒಂದೇ ತೆರನಾಗಿರಲಿಲ್ಲ. ಗುಣವಾಗಿದೆ ಎಂದವರು ಬಹಳ. ಕೇಳುತ್ತ ಹೋದಂತೆ ತಿಳಿದದ್ದೆಂದರೆ, ಎಷ್ಟೋ ಜನ ಎಂಟು ಹತ್ತು ದಿನಕ್ಕೆ ಗುಣವಾಗಿದ್ದರು. ನೆಗಡಿಗೆ ಏನನ್ನೂ ಮಾಡದ ಅವರ ಅಣ್ಣತಮ್ಮಂದಿರೂ ಎಂಟು ಹತ್ತು ದಿನಕ್ಕೇ ಗುಣವಾಗಿದ್ದರು. ಮೊದಲ ಸಲ ಇದು ಹೊಳೆದಾಗ ನಾವು ಓಡುವ ಬಸ್ಸಿನಲ್ಲಿದ್ದೆವು. ಸಾಹೇಬರು ನನ್ನ ಮೊಣಕಾಲ ಮೇಲೆ ಹೊಡೆದರು.

“ಮಾಸ್ತರ, ನಾ ದೂಕಿದ್ದಕ್ಕ ಗಾಡಿ ಹೋತು ಅಂತ ಇಷ್ಟ ದಿನ ಕುಣದ್ನಿ. ಅಲ್ಲಿ ರಸ್ತಾನ ಇಳಕಲ ಇತ್ತೋ ಏನೋ, ಇಳದ ನೋಡೇ ಇಲ್ಲಲಾ.”

ಇದನ್ನು ಹೇಳುವಾಗ ಅವರ ಮುಖದಲ್ಲಿ ದುಃಖವಿರಲಿಲ್ಲ. ಹೊಸ ರಸ್ತೆ ಕಂಡವರ ಸಂಭ್ರಮವಿತ್ತು. ಡಾಕ್ಟರು ಬರುವ ದಿನ ಅವರ ಮುಂದೆಯೂ ಹೋಗಿ ಕುಳಿತೆವು. ಆಕೆ ತಿಳಿದದ್ದನ್ನು ಬಿಡಿಸಿ ಹೇಳಿದರು, ತಿಳಿಯದ್ದನ್ನು ತಿಳಿಯದು ಎಂದರು. ಕುದಿಸಿ ಆರಿಸಿದ ನೀರಿಗೆ ಉಪ್ಪು ಹಾಕಿ ಮೂಗು ತೊಳೆಯುವುದನ್ನು ನಾವೂ ಹೇಳುತ್ತೇವೆ, ಪರೀಕ್ಷೆ ಮಾಡಿ ನೋಡಿದ್ದಾರೆ, ಬಹಳ ದಿನದ ಮೂಗಿನ ತ್ರಾಸಿದ್ದವರಿಗೆ ಅದರಿಂದ ಸ್ವಲ್ಪ ಆರಾಮವಾಗುತ್ತದೆ. ಹಬೆಯಿಂದ ಹಾಯೆನಿಸುತ್ತದೆ, ಆದರೆ ಅದು ಬೇನೆಯನ್ನು ಕಳೆಯುತ್ತದೆ ಎನ್ನಲು ಗಟ್ಟಿ ಆಧಾರವಿಲ್ಲ, ಕುದಿಯುವ ನೀರು ಮೈಮೇಲೆ ಚೆಲ್ಲಿಕೊಂಡವರಿದ್ದಾರೆ. ಕಷಾಯ ರುಚಿಸಿದರೆ ಕುಡಿಯಲಿ, ಗಂಟಲಿಗೆ ಹಿತ. ಹನಿಯ ಮಾತು ಬಂದಾಗ ಆಕೆ ಸ್ವಲ್ಪ ತಡೆದರು. ಒಳಗಿನ ತೊಗಲು ಉರಿದದ್ದಕ್ಕೆ ಮೂಗು ನೀರು ಬಿಡುತ್ತದೆ, ನೀರು ಹೋದದ್ದಕ್ಕೆ ಹಗುರ ಅನ್ನಿಸುತ್ತದೆ, ಅದನ್ನೇ ಗುಣ ಎನ್ನಲಾಗದು ಎಂದರು. ಅದು ಒಳ್ಳೆಯದು ಮಾಡುತ್ತದೆ ಎಂದು ಸರಿಯಾಗಿ ತೂಗಿ ನೋಡಿದ್ದು ತನಗೆ ಗೊತ್ತಿಲ್ಲವೆಂದೂ, ಕೆಡಕು ಮಾಡಿದ್ದನ್ನು ಕಣ್ಣಾರೆ ಕಂಡಿದ್ದೇನೆಂದೂ ಹೇಳಿದರು.

ಸಾಹೇಬರು ಎದುರು ಮಾತಾಡಲಿಲ್ಲ. ಒಪ್ಪಲೂ ಇಲ್ಲ. ತಂದೆಯ ಕೈಯಿಂದ ಬಂದದ್ದನ್ನು ಒಂದು ಕುರ್ಚಿಯ ಮೇಲೆ ಕುಳಿತು ಬಿಟ್ಟುಬಿಡುವುದು ಯಾರಿಗಾದರೂ ಸುಲಭವೇ? ರಸ್ತೆಗೆ ಬಂದ ಮೇಲೆ ಇನ್ನೂ ಮನೋಳಿ ಉಳಿದಿದೆ ಎಂದರು, ಅಷ್ಟೆ.

ಸವದತ್ತಿಗೆ ಹೋಗಿ ಅಲ್ಲಿಂದ ಮನೋಳಿಯ ಬಸ್ಸು ಹತ್ತಿದೆವು. ನಾವು ಹುಡುಕಿಕೊಂಡು ಹೋದದ್ದು ಮಸಾಲೆ ಖಾರ ಮಾಡಿ ಮಾರುವ ಒಬ್ಬ ಹೆಂಗಸನ್ನು. ಆಕೆಯ ಖಾರ ಸುತ್ತಿನ ಊರುಗಳ ಮದುವೆಗಳಿಗೆ ಹೋಗುತ್ತಿತ್ತು. ಎರಡು ವರ್ಷದ ಹಿಂದೆ ಕಟ್ಟೆಗೆ ಬಂದು ಹನಿ ಬಿಡಿಸಿಕೊಂಡು ಹೋಗಿದ್ದಳು. ನಾವು ಹೋದಾಗ ದೊಡ್ಡ ಬುಟ್ಟಿಯಷ್ಟು ಕೊತ್ತಂಬರಿ ಬೀಜವನ್ನು ಕಡಾಯಿಯಲ್ಲಿ ಹುರಿಯುತ್ತಿದ್ದಳು. ನನ್ನಂಥ ಅರೆಮೂಗಿನವನಿಗೂ ಬಾಗಿಲಲ್ಲೇ ಘಮ ಹತ್ತಿತು. ಆಕೆಯ ಪಕ್ಕದಲ್ಲಿ ಸೊಸೆ ನಿಂತಿದ್ದಳು. ಒಂದು ಹಂತಕ್ಕೆ ಸೊಸೆ ಸಾಕು ಎಂದಳು, ಆಕೆ ಕಡಾಯಿ ಇಳಿಸಿದಳು. ಕೊಬ್ಬರಿ ಹುರಿಯುವಾಗಲೂ ಹಾಗೆಯೇ. ಪ್ರತಿ ಸಲವೂ ಸೊಸೆಯ ಮುಖ ನೋಡುತ್ತಿದ್ದಳು.

ಸಾಹೇಬರು ರೂಢಿಯಂತೆ ಸೊಸೆಯನ್ನು ಕೇಳಿದರು, ಅತ್ತೆಯ ಮೂಗು ಹೇಗಿದೆ ಎಂದು. ಸೊಸೆ ತಲೆ ತಗ್ಗಿಸಿದಳು. ಅತ್ತೆಯೇ ಸೆರಗಿನಿಂದ ಮುಖ ಒರೆಸಿಕೊಂಡು ಹೇಳಿದಳು.

“ಆಕಿನ್ಯಾಕ ಕೇಳ್ತೀರಿ, ನಾನ ಹೇಳ್ತೇನಿ. ನನಗ ವಾಸನಿ ಹೋಗೇತ್ರಿ ಅಣ್ಣಾ. ಸೀಯೂದೂ ಗೊತ್ತಾಗೂದಿಲ್ಲ, ಹುರಿಯೂದೂ ಗೊತ್ತಾಗೂದಿಲ್ಲ.”

ಬೇನೆ ಹೊರಳಿ ಬಂದೀತು, ಬಾಯಿ ಬಿಡಬೇಡಿ ಎಂದು ಸಾಹೇಬರು ಕೈ ಎತ್ತಿದರು. ಅದು ಬರಿ ರೂಢಿಯಿಂದ ಎತ್ತಿದ ಕೈ.

“ಹೇಳಿದ್ರ ಹೋದದ್ದು ಹೊಳ್ಳಿ ಬರತೈತಿ ಅಂತೀರಿ. ನಂದು ಹೋಗಿದ್ದು ಹೊಳ್ಳಿ ಬಂದ್ರ ಛಲೋನ ಅಲ್ರಿ?”

ಅಲ್ಲಿ ಯಾರೂ ನಗಲಿಲ್ಲ. ಆಕೆ ಸಿಟ್ಟಿನವಳಲ್ಲ. ತಿಂಗಳುಗಟ್ಟಲೆ ಮೂಗು ಕಟ್ಟಿತ್ತು, ಹನಿ ಬಿಡಿಸಿಕೊಂಡ ಮೇಲೆ ವಾರವೆಲ್ಲ ಉರಿಯಿತು, ಉರಿ ಆರಿದ ಮೇಲೆ ನೋಡಿದರೆ ವಾಸನೆ ಇರಲಿಲ್ಲ. ಬೇನೆಯಿಂದ ಹೋಯಿತೋ ಔಷಧದಿಂದ ಹೋಯಿತೋ ದೇವರಿಗೆ ಗೊತ್ತು, ನಿಮ್ಮ ಮೇಲೆ ಹೊರಿಸುವುದಿಲ್ಲ ಎಂದಳು. ಹಾಗಾದರೆ ಬಂದು ಹೇಳಲಿಲ್ಲವೇಕೆ ಎಂದು ಸಾಹೇಬರು ಕೇಳಿದರು.

“ನೀವ ಬ್ಯಾಡ ಅಂದಿದ್ರೆಲಾ.”

ಮರಳಿ ಬರುವಾಗ ಅವರ ಎಡಗೈ ತೊಡೆಯ ಮೇಲೆ ಬಿದ್ದಿತ್ತು. ಮಲಪ್ರಭೆಯ ಸೇತುವೆ ದಾಟಿದೆವು. ಸವದತ್ತಿಯ ಬಸ್‌ಸ್ಟ್ಯಾಂಡಿನಲ್ಲಿ ಕುಳಿತಾಗ ನಾನೇ ಸಮಾಧಾನ ಹೇಳಲು ನೋಡಿದೆ. ಬರಿ ನೆಗಡಿಯಿಂದಲೂ ವಾಸನೆ ಹೋಗುವುದುಂಟು ಎಂದು ಡಾಕ್ಟರೇ ಹೇಳಿದ್ದನ್ನು ನೆನಪಿಸಿದೆ. ಅವರು ನನ್ನ ಕಡೆ ತಿರುಗಿದರು.

“ಛಲೋ ಆದದ್ದೆಲ್ಲಾ ನನ್ನ ಔಷಧಕ್ಕ ಆತು ಅಂತ ಇಷ್ಟ ವರ್ಷ ಜಮಾ ಮಾಡಿಕೊಂಡ್ನಿ ಮಾಸ್ತರ. ಕೆಟ್ಟದ್ದು ಬಂದ ಕೂಡ್ಲೆ ಅದು ಬ್ಯಾನೀದು ಅಂತ ಹೆಂಗ ಬಿಡ್ಲಿ?”

ಬೈಲಹೊಂಗಲದ ಬಸ್ಸು ಬಂದು ನಿಂತಿತು. ಹತ್ತುವಷ್ಟರಲ್ಲಿ ಅವರು ನಿರ್ಧಾರ ಮಾಡಿಬಿಟ್ಟಿದ್ದರು.

ಮುಂದಿನ ಭಾನುವಾರದ ಕಟ್ಟೆಯ ಮೇಲೆ ಮಣ್ಣಿನ ಬಟ್ಟಲಿರಲಿಲ್ಲ. ಭಾಬಿ ಕುದಿಸಿ ಆರಿಸಿದ ನೀರಿನ ಹಂಡೆ ಇತ್ತು, ಒಂದು ಡಬ್ಬಿ ಉಪ್ಪಿತ್ತು, ಡಾಕ್ಟರು ತೋರಿಸಿಕೊಟ್ಟಂಥ ಕೊಕ್ಕಿನ ಗಿಂಡಿ ಇತ್ತು. ಸಾಹೇಬರು ನಿಂತು ಹೇಳಿದರು, ಹನಿ ಬಿಡುವುದನ್ನು ಇವತ್ತಿನಿಂದ ನಿಲ್ಲಿಸಿದ್ದೇನೆ, ಕಾರಣ ಇದು ಎಂದು. ಮನೋಳಿಯ ಮಾತನ್ನೂ ಹೆಸರೆತ್ತದೆ ಹೇಳಿದರು. ಉಪ್ಪುನೀರಿನಿಂದ ಮೂಗು ತೊಳೆಯುವುದನ್ನು ತಾವೇ ಮೊದಲು ಮಾಡಿ ತೋರಿಸಿದರು. ಒಂದು ಹೊಳ್ಳೆಗೆ ಹೊಯ್ದ ನೀರು ಇನ್ನೊಂದರಿಂದ ಇಳಿಯಿತು. ಬಂದ ಮಂದಿಗೆ ಇದು ಸೇರಲಿಲ್ಲ. ಉರಿಯೇ ಇಲ್ಲದ ಔಷಧ ಯಾವ ಔಷಧ ಎಂದರು. ರಾಮದುರ್ಗದಿಂದ ಬಂದಿದ್ದ ಒಬ್ಬರು ಎದ್ದು ನಿಂತು ಚಪ್ಪಲಿ ಮೆಟ್ಟಿಕೊಂಡರು.

“ಉಪ್ಪು ನಮ್ಮ ಮನ್ಯಾಗೂ ಐತ್ರಿ ಸಾಹೇಬ್ರ. ಅದಕ್ಕ ಇಷ್ಟ ದೂರ ಬರಬೇಕಾಗಿತ್ತೇನು?”

“ಬರಬೇಕಾಗಿಲ್ಲ ನೋಡ್ರಿ. ಬಸ್ಸಿನ ಚಾರ್ಜ್ ಉಳೀತು.”

ಅದಕ್ಕಿಂತ ದೊಡ್ಡ ಗದ್ದಲವಾದದ್ದು ಮುಂದಿನ ಮಾತಿಗೆ. ಇಂದು ಮೂಗು ತೊಳೆದುಕೊಂಡು ಹೋದವರೆಲ್ಲ ಬರುವ ಭಾನುವಾರ ಮರಳಿ ಬರಬೇಕು, ಬಂದು ನನ್ನ ಮುಖಕ್ಕೆ ಹೇಳಬೇಕು, ಒಳ್ಳೆಯದಾದರೂ ಸರಿ, ಆಗದಿದ್ದರೂ ಸರಿ ಎಂದರು ಸಾಹೇಬರು. ಒಬ್ಬ ಮುದುಕ ಎರಡೂ ಕಿವಿ ಮುಚ್ಚಿಕೊಂಡ. ಸಾಹೇಬರ ಅಣ್ಣ ಓಣಿಯ ತುದಿಯಲ್ಲಿದ್ದವರು, ಸುದ್ದಿ ಕೇಳಿ ಬಂದರು. ಅಪ್ಪನ ಹೆಸರು ಮಣ್ಣುಪಾಲು ಮಾಡಿದೆ ಎಂದು ಎಲ್ಲರೆದುರಿಗೆ ಬೈದು, ಮನೆಯೊಳಕ್ಕೆ ಕಾಲಿಡದೆ ಹೋದರು. ಅಲ್ಲಿಯವರೆಗೆ ಅಣ್ಣತಮ್ಮಂದಿರು ಒಂದು ಹಬ್ಬದ ಊಟವನ್ನೂ ಒಟ್ಟಿಗೆ ಉಣ್ಣದೆ ಬಿಟ್ಟವರಲ್ಲ. ಆ ದಿನ ಸಾಹೇಬರ ಮುಖ ಸಣ್ಣದಾಯಿತು. ಆದರೂ ಹಂಡೆ ಖಾಲಿಯಾಗುವವರೆಗೆ ಕಟ್ಟೆ ಬಿಟ್ಟು ಏಳಲಿಲ್ಲ.

ಆ ವಾರ ಅವರು ತಿರುಗಾಡಲು ಬರುತ್ತಿದ್ದರು, ಮಾತು ಮಾತ್ರ ಒಂದೇ: ಬರುತ್ತಾರೆಯೇ? ಯಾರೂ ಬಾರದಿದ್ದರೆ ತಂದೆಯ ಕೈಯಿಂದ ಬಂದದ್ದೂ ಹೋಯಿತು, ಅದಕ್ಕೆ ಬದಲಾಗಿ ತಿಳಿದದ್ದೂ ಏನಿಲ್ಲ ಎಂದಾಗುತ್ತದೆ. ಬಂದೇ ಬರುತ್ತಾರೆ ಎಂದು ನಾನು ಹೇಳಲಿಲ್ಲ. ಅರ್ಧ ಶತಮಾನದ ನೇಮ ಒಂದು ವಾರದಲ್ಲಿ ಮುರಿಯುವುದಿಲ್ಲ ಎಂದು ರೂಢಿಯಲ್ಲೇ ಬೆಳೆದ ನನಗೆ ಗೊತ್ತಿತ್ತು.

ಭಾನುವಾರ ಬಂತು. ಕಟ್ಟೆ ಗುಡಿಸಿದರು, ಚಾಪೆ ಹಾಸಿದರು. ಬಿಸಿಲು ಚಾಪೆಯ ಅರ್ಧಕ್ಕೆ ಬಂತು, ಪೂರ್ತಿ ಬಂತು. ಒಬ್ಬರ ಸುಳಿವಿಲ್ಲ. ಭಾಬಿ ಎರಡು ಸಲ ಹೊರಗೆ ಬಂದು ನೋಡಿ ಒಳಗೆ ಹೋದರು. ಚೇಷ್ಟೆ ಮಾಡದ ಭಾಬಿಯನ್ನು ಕಂಡು ನನಗೆ ಇನ್ನಷ್ಟು ಸಂಕಟವಾಯಿತು. ಸಾಹೇಬರು ಚಾಪೆ ಸುತ್ತಲು ಬಗ್ಗಿದರು.

ಆಗ ಓಣಿಯಲ್ಲಿ ಜೋರು ದನಿ ಕೇಳಿಸಿತು, ಮೂಗಿನಿಂದ ಬರುವ ದನಿ. ಅಂದು ಬಾಯಿ ಮುಚ್ಚಿಕೊಂಡು ಕುಳಿತಿದ್ದ ದೊಡವಾಡದ ಆ ಗಂಡ, ದನದ ದಲಾಲಿ, ಎತ್ತಿನ ಸಂತೆಯನ್ನೇ ಬಾಯಲ್ಲಿ ನಡೆಸುವವನು, ಟವೆಲ್ಲು ಝಾಡಿಸುತ್ತ ಬಂದು ಕಟ್ಟೆಯ ಮುಂದೆ ನಿಂತ. ಹಿಂದಿನ ವಾರ ಗಿಂಡಿ ಹಿಡಿದು ಮೂಗು ತೊಳೆದುಕೊಂಡು ಹೋಗಿದ್ದವರಲ್ಲಿ ಅವನೂ ಒಬ್ಬ.

“ಹೇಳ್ರಿ ಅಂದಿದ್ರಿ, ಹೇಳಾಕ ಬಂದೇನಿ. ಒಂದ ಕವಡಿ ಉಪಯೋಗ ಆಗಿಲ್ಲ. ದಿನಾ ತೊಳದೇನಿ, ಎಡಗಡೆ ಮೂಗ ಗೋಡಿ ಕಟ್ಟಿಧಂಗ ಕಟ್ಟೇತಿ. ಇದ್ದ ಔಷಧಾನೂ ನಿಲ್ಲಿಸಿ ಮಂದೀಗೆ ಉಪ್ಪುನೀರು ಕುಡಸಾಕ ಹತ್ತೀರೆಲಾ, ನಿಮಗ ವಯಸ್ಸ ಆಗಿ ತಲಿ ಕೆಟ್ಟೈತೇನ್ರಿ?”

ಸಾಹೇಬರು ಚಾಪೆಯನ್ನು ಅಲ್ಲೇ ಬಿಟ್ಟು ಎದ್ದರು. ಹೊಡೆಯುತ್ತಾರೇನೋ ಎಂದು ನಾನೂ ಎದ್ದೆ. ಅವರು ಕಟ್ಟೆಯಿಂದ ಕೆಳಗಿಳಿದು ದಲಾಲಿಯನ್ನು ಎರಡೂ ಕೈಯಿಂದ ಬಾಚಿ ತಬ್ಬಿಕೊಂಡರು. ಅವನು ಗಾಬರಿಯಾಗಿ ಟವೆಲ್ಲು ಬೀಳಿಸಿದ. ಸಾಹೇಬರು ಅವನನ್ನು ತೋಳು ಹಿಡಿದು ತಂದು ಚಾಪೆಯ ನಡುವೆ ಕೂರಿಸಿದರು. ಚಹಾ ಇಡು, ಸಕ್ಕರೆ ಜಾಸ್ತಿ ಹಾಕು ಎಂದು ಒಳಗೆ ಕೂಗಿದರು. ಆಮೇಲೆ ಅವನೆದುರು ತಾವೂ ಕುಳಿತು ಕೇಳಿದ್ದೇ ಕೇಳಿದ್ದು. ಎಡಗಡೆಯೇ ಏಕೆ, ಯಾವಾಗಿನಿಂದ, ರಕ್ತ ಬರುತ್ತದೆಯೇ, ಬಲಗಡೆ ಹೇಗೆ? ಒಂದೇ ಕಡೆ, ಅದೂ ವರ್ಷದಿಂದ ಎಂದು ತಿಳಿದದ್ದೇ, ಇದು ಉಪ್ಪಿನ ಕೆಲಸವಲ್ಲ, ನಾಳೆ ಡಾಕ್ಟರು ಬರುವ ದಿನ, ನಾನೇ ಕರೆದುಕೊಂಡು ಹೋಗುತ್ತೇನೆ ಎಂದರು. ಹೋದರು ಕೂಡ. ಅವನ ಮೂಗಿನೊಳಗೆ ಗಂಟು ಬೆಳೆದಿತ್ತು, ಅದನ್ನು ತೆಗೆಸಿದರು.

ಆದರೆ ಅದು ಆಮೇಲಿನ ಮಾತು. ಆ ಹೊತ್ತಿಗೆ ಕಟ್ಟೆಯ ಮೇಲೆ ದಲಾಲಿ ಬಸಿಯಲ್ಲಿ ಚಹಾ ಹೊಯ್ದುಕೊಂಡು ಎರಡನೆಯ ಸಲ ಬಯ್ಯಲು ಶುರುಮಾಡಿದ್ದ, ಸಾಹೇಬರು ಮುಂದಕ್ಕೆ ಬಾಗಿ ಕಣ್ಣರಳಿಸಿ ಕೇಳುತ್ತಿದ್ದರು. ಓಣಿಯ ತಿರುವಿನಲ್ಲಿ ಏನೋ ಅಲುಗಾಡಿದಂತಾಯಿತು. ಗೋಡೆಗೆ ಒತ್ತಿಕೊಂಡು ಐದಾರು ಜನ ನಿಂತಿದ್ದರು. ಎಲ್ಲರೂ ಹಿಂದಿನ ವಾರದವರೇ. ಬೆಳಗಿನಿಂದ ಅಲ್ಲೇ ನಿಂತಿದ್ದರೆಂದು ಆಮೇಲೆ ತಿಳಿಯಿತು. ಮೊದಲು ಯಾರಾದರೊಬ್ಬರು ಹೇಳಲಿ, ಹೇಳಿದವರಿಗೆ ಏನಾಗುತ್ತದೆ ನೋಡೋಣ ಎಂದು ಕಾಯುತ್ತಿದ್ದರಂತೆ. ದಲಾಲಿಗೆ ಏನೂ ಆಗಲಿಲ್ಲ, ಚಹಾ ಸಿಕ್ಕಿತು. ಅವರಲ್ಲಿ ಕಿತ್ತೂರಿನ ಒಬ್ಬ ಮುದುಕಿ ಉಳಿದವರನ್ನು ಸರಿಸಿ ಮುಂದೆ ಬಂದಳು. ಚಾಪೆಯ ಅಂಚಿನಲ್ಲಿ ಕುಳಿತು, ಸೆರಗು ಸರಿಮಾಡಿಕೊಂಡು, ದಲಾಲಿಯ ಮಾತು ಮುಗಿಯುವುದನ್ನೂ ಕಾಯದೆ ಹೇಳಿದಳು.

“ಅವಂದು ಸಾಕು ಬಿಡ್ರಿ ಸಾಹೇಬ್ರ. ನಂದೂ ಕೇಳ್ರಿ.”